ಬದಲಿ ಕೊಡದ ಬಿಡುಗಡೆ



ಕೊಲ್ಲಾಪುರ ಜಿಲ್ಲೆಯಲ್ಲಿ ಗಡಹಿಂಗ್ಲಜ ಎಂಬ ತಾಲೂಕಿದೆ. ಮನೆಯೊಳಗೆ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡಿಕೊಂಡು ಬಂದ ಸೀಮೆ ಅದು. ಆಂಬೋಲಿಯ ಘಟ್ಟದ ಕಡೆ ಹುಟ್ಟುವ ಹಿರಣ್ಯಕೇಶಿ ಹೊಳೆ ಆಜರಾ ದಾಟಿ, ಗಡಹಿಂಗ್ಲಜದ ಮಗ್ಗುಲಲ್ಲಿ ಹರಿದು, ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ರಾಜ್ಯದ ಗಡಿ ಎಲ್ಲಿ ಬಂತು, ಎಲ್ಲಿ ಹೋಯಿತು ಎಂಬುದು ಆ ನೀರಿಗೆ ತಿಳಿಯದು. ಇವತ್ತು ನಾನು ಹೇಳಬೇಕೆಂದಿರುವ ಮಾತು ಕೂಡ ಅಂಥದೇ. ಅದು ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಎರಡರಲ್ಲೂ ಅರ್ಧಕ್ಕೇ ನಿಂತಿದೆ.

ಆ ಸೀಮೆಯಲ್ಲಿ ಸಾಮಾನಗಡ ಎಂಬ ಕೋಟೆಯಿದೆ. ಶಿಲಾಹಾರರ ಭೋಜ ಕಟ್ಟಿಸಿದ, ಶಿವಾಜಿ ಮಹಾರಾಜರು ಬಲಪಡಿಸಿದರು ಎಂದು ಊರವರು ಅಭಿಮಾನದಿಂದ ಹೇಳುತ್ತಾರೆ. 1844ರಲ್ಲಿ ಅಲ್ಲಿಯ ಕೋಟೆ ಕಾಯುವ ಗಡಕರಿಗಳು ಇಂಗ್ಲಿಷರ ವಿರುದ್ಧ ಎದ್ದು ನಿಂತ ಕತೆಯನ್ನು ಇನ್ನೂ ಹೆಚ್ಚಿನ ಅಭಿಮಾನದಿಂದ ಹೇಳುತ್ತಾರೆ. ಆ ಅಭಿಮಾನ ನನಗೂ ಇದೆ. ಕೋಟೆಯ ಮೇಲೆ ಕಲ್ಲು ಕಡಿದು ಮಾಡಿದ, ಕಮಾನುಗಳ ಕೆಳಗೆ ಮೆಟ್ಟಿಲು ಇಳಿದು ಹೋಗುವ ಒಂದು ಬಾವಿ ಇದೆ. ಒಮ್ಮೆ ಆ ಮೆಟ್ಟಿಲ ಮೇಲೆ ಕೂತಿದ್ದಾಗ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಈ ಬಾವಿಯನ್ನು ತೋಡಿಸಿದವರ ಹೆಸರು ಹೇಳುತ್ತೇವೆ. ಕೋಟೆಯನ್ನು ಗೆದ್ದವರ, ಸೋತವರ ಹೆಸರೂ ಹೇಳುತ್ತೇವೆ. ದಿನಾ ನಸುಕಿನಲ್ಲಿ ಇದೇ ಮೆಟ್ಟಿಲು ಇಳಿದು, ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಏರಿದವರು ಯಾರು? ಕಣಜದ ಜೋಳ ಬೀಸಿದವರು ಯಾರು? ಅವರು ಕೂಲಿಗೆ ಬಂದವರೋ, ಮನಸ್ಸಿಗೆ ಬೇಡವಾದರೆ ಬಿಟ್ಟು ಹೋಗಬಹುದಾಗಿದ್ದವರೋ, ಅಥವಾ ಹೋಗಲಾರದವರೋ?

ಹೋಗಲಾರದವರಿಗೆ ನಮ್ಮ ಭಾಷೆಗಳಲ್ಲಿ ಹೆಸರುಗಳಿವೆ. ಕನ್ನಡದಲ್ಲಿ ತೊತ್ತು. ಇವತ್ತು ಈ ಮಾತು ಬೈಗುಳಾಗಿ ಉಳಿದಿದೆ. ಸಿಟ್ಟು ಬಂದಾಗ ತೊತ್ತಿನ ಮಗ ಎನ್ನುವವರಿಗೆ ತಾವು ಒಬ್ಬ ಹೆಣ್ಣುಮಗಳ ಮಾರಾಟದ ನೆನಪನ್ನು ನಾಲಗೆಯ ಮೇಲೆ ತರುತ್ತಿದ್ದೇವೆ ಎಂಬ ಅರಿವಿರುವುದಿಲ್ಲ. ಮರಾಠಿಯಲ್ಲಿ ಬಟೀಕ, ಕುಣಬೀಣ. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಲೇಕಾವಳಾ. ಒಂದು ಸಮಾಜ ಇಷ್ಟು ಹೆಸರುಗಳನ್ನು ಮಾಡಿಕೊಂಡಿದ್ದರೆ ಆ ಸಮಾಜದಲ್ಲಿ ಅಂಥವರು ಎಷ್ಟು ಜನ ಇದ್ದಿರಬೇಕು ಎಂದು ನೀವೇ ಊಹಿಸಿಕೊಳ್ಳಿ.

ಪುಣೆಯ ಪೇಶವೆ ದಫ್ತರದ ಕಾಗದಗಳಲ್ಲಿ ಇವರ ಲೆಕ್ಕ ಇದೆ. ಜಪಾನಿನ ಇತಿಹಾಸಕಾರ ಹಿರೋಶಿ ಫುಕಜಾವಾ ಆ ಕಾಗದಗಳ ಪ್ರಪಂಚದೊಳಗೆ ಹೊಕ್ಕು ಹದಿನೆಂಟನೆಯ ಶತಮಾನದ ಮರಾಠಾ ರಾಜ್ಯದ ಗುಲಾಮಗಿರಿಯ ಬಗ್ಗೆ ಬರೆದರು. ಆಮೇಲೆ ಉಮಾ ಚಕ್ರವರ್ತಿ, ಸುಮಿತ್ ಗುಹಾ ಅವರಂಥವರು ಆ ಕೆಲಸವನ್ನು ಮುಂದುವರಿಸಿದರು. ಅವರ ಬರಹದಿಂದ ನಮಗೆ ತಿಳಿಯುವುದು ಇಷ್ಟು. ಯುದ್ಧದಲ್ಲಿ ಸೆರೆ ಸಿಕ್ಕ ಹೆಣ್ಣುಮಕ್ಕಳು ಗುಲಾಮರಾದರು. ಬರಗಾಲದಲ್ಲಿ ಹೊಟ್ಟೆಗಿಲ್ಲದ ತಾಯಿತಂದೆ ಮಾರಿದ ಮಕ್ಕಳು ಗುಲಾಮರಾದರು. ನಡತೆ ಕೆಟ್ಟವಳು ಎಂದು ಯಾರೋ ಹೊರಿಸಿದ ಆರೋಪಕ್ಕೆ ಸರಕಾರವೇ ಶಿಕ್ಷೆಯಾಗಿ ಹೆಂಗಸರನ್ನು ಗುಲಾಮರ ಸಾಲಿಗೆ ಸೇರಿಸಿತು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಮಗು ಹುಟ್ಟುವಾಗಲೇ ಒಡೆಯನ ಸೊತ್ತಾಗಿತ್ತು. ಇವರು ದೊಡ್ಡವರ ಮನೆಗಳಲ್ಲಿ, ಅಡಿಗೆಮನೆಗಳಲ್ಲಿ, ಲಾಯಗಳಲ್ಲಿ, ಕಣಜಗಳಲ್ಲಿ, ಗಡಕೋಟೆಗಳಲ್ಲಿ ದುಡಿದರು. ಹೊಟ್ಟೆಗೆ ಕಾಳು, ಮೈಗೆ ಬಟ್ಟೆ, ಇಷ್ಟೇ ಅವರ ಪಾಲು.

ಬಿಡುಗಡೆ ಇರಲಿಲ್ಲವೆ? ಇತ್ತು. ಮುಪ್ಪಾಗಿ ಕೈಕಾಲು ಸೋತ ಮೇಲೆ ಬಿಟ್ಟ ಉದಾಹರಣೆಗಳಿವೆ. ಹಣ ಕಟ್ಟಿ ಬಿಡಿಸಿಕೊಂಡವರಿದ್ದಾರೆ. ಇನ್ನೊಂದು ದಾರಿಯೂ ಇತ್ತು. ತನ್ನ ಬದಲಿಗೆ ಇನ್ನೊಬ್ಬ ಹೆಣ್ಣನ್ನು ತಂದು ಒಪ್ಪಿಸಿದರೆ ಇವಳು ಹೋಗಬಹುದಿತ್ತು.

ಬದಲಿ. ನನ್ನ ಇವತ್ತಿನ ಮಾತೆಲ್ಲ ಈ ಒಂದು ಶಬ್ದದ ಸುತ್ತ ಇದೆ.

ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿ. ಹತ್ತು ವರ್ಷ ಬೀಸುವ ಕಲ್ಲಿನ ಮುಂದೆ ಕೂತು ಅಂಗೈ ಗಂಟುಕಟ್ಟಿದ ಹುಡುಗಿಗೆ ಕಾರಕೂನ ಹೇಳುತ್ತಾನೆ, "ನಿನ್ನ ಜಾಗಾದಾಗ ಇನ್ನೊಬ್ಬಾಕಿನ್ನ ತಂದು ನಿಲ್ಲಸು, ಆಮ್ಯಾಲೆ ಬೇಕಾದಲ್ಲಿ ಹೋಗು." ಬಾಗಿಲು ತೆರೆದಿದೆ. ಆದರೆ ಆ ಬಾಗಿಲಲ್ಲಿ ಇವಳು ಹೊರಗೆ ಬರಬೇಕಾದರೆ ಇನ್ನೊಬ್ಬಳು ಒಳಗೆ ಹೋಗಬೇಕು. ಒಡೆಯನ ಮನೆಯಲ್ಲಿ ಬೀಸುವ ಕಲ್ಲು ಒಂದು ದಿನವೂ ನಿಲ್ಲುವುದಿಲ್ಲ. ತಿರುಗಿಸುವ ಕೈ ಮಾತ್ರ ಬೇರೆ. ಮನುಷ್ಯನನ್ನು ಕಟ್ಟಿಹಾಕುವ ಸರಪಳಿಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ನನಗೆ ತೋರುವುದಿಲ್ಲ. ಕಟ್ಟಿಸಿಕೊಂಡವಳ ಕೈಯಿಂದಲೇ ಅದು ಇನ್ನೊಬ್ಬಳನ್ನು ಕಟ್ಟಿಸುತ್ತದೆ.

ಈ ಬದಲಿಯ ಕತೆ ನಮಗೆ ಹೊಸದಲ್ಲ. ಮಹಾಭಾರತದಲ್ಲೇ ಇದೆ. ಅಂಬಿಕೆಯನ್ನು ಎರಡನೆಯ ಸಲ ವ್ಯಾಸರ ಬಳಿಗೆ ಹೋಗು ಎಂದು ಸತ್ಯವತಿ ಹೇಳಿದಾಗ ಅಂಬಿಕೆಗೆ ಭಯ. ತನ್ನ ಒಡವೆಗಳನ್ನು ತೊಡಿಸಿ ದಾಸಿಯೊಬ್ಬಳನ್ನು ಬದಲಿಗೆ ಕಳಿಸಿದಳು. ಆ ದಾಸಿಗೆ ಒಪ್ಪಿಗೆಯೇ ಎಂದು ಕೇಳಿದವರಿಲ್ಲ. ಆಕೆ ವ್ಯಾಸರನ್ನು ಗೌರವದಿಂದ ಕಂಡಳು. ವ್ಯಾಸರು ಏಳುವಾಗ ಹೇಳಿದರು, ಇನ್ನು ಮೇಲೆ ನೀನು ದಾಸಿಯಲ್ಲ. ಆಕೆಯ ಮಗನೇ ವಿದುರ. ಇಡೀ ಕೌರವ ಸಭೆಯಲ್ಲಿ ನ್ಯಾಯದ ಮಾತು ಆಡಿದ ಕೆಲವೇ ಜನರಲ್ಲಿ ಒಬ್ಬ. ಮಗನ ಹೆಸರು ಚಿಕ್ಕ ಮಕ್ಕಳಿಗೂ ಗೊತ್ತು. ತಾಯಿಯ ಹೆಸರನ್ನು ವ್ಯಾಸರು ನಮಗೆ ಹೇಳಿಲ್ಲ.

ಮುಂದೆ ಅದೇ ಅರಮನೆಯಲ್ಲಿ ದ್ರೌಪದಿಯ ಸರದಿ ಬಂತು. ಗದುಗಿನ ಭಾರತವನ್ನು ಗಮಕದಲ್ಲಿ ಕೇಳಿದ, ಬಯಲಾಟದಲ್ಲಿ ಕಂಡ ನಿಮಗೆ ಆ ಪ್ರಸಂಗವನ್ನು ನಾನು ವಿವರಿಸಬೇಕಾಗಿಲ್ಲ. ನಾವು ಸಾಮಾನ್ಯವಾಗಿ ಅದನ್ನು ಸೀರೆ ಸೆಳೆದ ಕತೆ, ಕೃಷ್ಣ ಕಾಪಾಡಿದ ಕತೆ ಎಂದು ನೆನೆಯುತ್ತೇವೆ. ಆದರೆ ಸೀರೆಗೆ ಕೈ ಹಾಕುವ ಮೊದಲು ಅಲ್ಲಿ ನಡೆದದ್ದು ಒಂದು ನ್ಯಾಯದ ವಾದ. ಕೌರವರ ಮನೆಯ ದಾಸಿಯರ ಸಾಲಿಗೆ ಇವಳನ್ನೂ ಸೇರಿಸಿ ಎಂಬ ಆಜ್ಞೆ ಹೊರಟಾಗ, ಕರೆಯಲು ಬಂದ ದೂತನನ್ನು ದ್ರೌಪದಿ ತಿರುಗಿ ಕಳಿಸಿದಳು. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಕೇಳಿಕೊಂಡು ಬಾ ಎಂದಳು. ತಾನೇ ಸೊತ್ತಾದ ಮೇಲೆ ಇನ್ನೊಬ್ಬರನ್ನು ಸೊತ್ತಾಗಿ ಪಣಕ್ಕೆ ಒಡ್ಡುವ ಅಧಿಕಾರ ಅವನಿಗೆ ಎಲ್ಲಿಯದು? ಭೀಷ್ಮ ತಡವರಿಸಿದ. ವಿಕರ್ಣ ಅವಳ ಪರ ನಿಂತ. ಒಬ್ಬ ಹೆಣ್ಣನ್ನು ದಾಸಿ ಎನ್ನುವ ಹಕ್ಕು ಯಾರಿಗೆ ಎಲ್ಲಿಂದ ಬಂತು ಎಂದು ತುಂಬಿದ ಸಭೆಯಲ್ಲಿ ಆ ಹೆಣ್ಣೇ ಕೇಳಿದಳು. ಅವಳ ಬಿಡುಗಡೆ ಶುರುವಾದದ್ದು ಆ ಪ್ರಶ್ನೆಯಿಂದ.

ಕೊನೆಗೆ ಧೃತರಾಷ್ಟ್ರ ವರ ಕೊಡುತ್ತೇನೆ ಎಂದ. ವ್ಯಾಸ ಭಾರತದಲ್ಲಿ ದ್ರೌಪದಿ ಕೇಳಿದ ಮೊದಲ ವರ ಏನು ಗೊತ್ತೆ? ಧರ್ಮರಾಯನಿಗೆ ದಾಸ್ಯದಿಂದ ಬಿಡುಗಡೆಯಾಗಲಿ, ಯಾಕೆಂದರೆ ನನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸನ ಮಗ ಎನ್ನಬಾರದು. ಎರಡನೆಯ ವರದಲ್ಲಿ ಉಳಿದ ನಾಲ್ವರನ್ನು ಬಿಡಿಸಿದಳು. ಮೂರನೆಯದನ್ನು ಬೇಡ ಎಂದಳು. ದಾಸ್ಯ ತನ್ನ ತಲೆಮಾರಿಗೆ ನಿಲ್ಲಬೇಕು, ಮಗುವಿನ ಹೆಸರಿಗೆ ಅಂಟಬಾರದು ಎಂಬುದು ಆ ತಾಯಿಯ ಮೊದಲ ಚಿಂತೆ.

ಆ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತದೆ. ದ್ರೌಪದಿಯನ್ನು ಸೇರಿಸಿ ಎಂದರಲ್ಲ, ಆ ದಾಸಿಯರ ಸಾಲು? ಅವರು ಅಲ್ಲೇ ಇದ್ದರು. ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದರು. ಪಾಂಡವರು ರಥ ಏರಿ ಹೊರಟ ಮೇಲೆ ಸಭೆಯ ನೆಲ ಗುಡಿಸಿದವರು ಅವರೇ. ಅವರಿಗಾಗಿ ವರ ಕೇಳಿದವರಿಲ್ಲ. ಅವರ ಕತೆ ಬರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಹಾಗಾದರೆ ನಮ್ಮ ಐತಿಹಾಸಿಕ ಕಾದಂಬರಿಗಳು ಏನು ಮಾಡಿದವು? ಮರಾಠಿಯ ಹರಿ ನಾರಾಯಣ ಆಪ್ಟೆ ಈ ಬಗೆಯ ಕಾದಂಬರಿಗೆ ದಾರಿ ಹಾಕಿದವರು. ಗಳಗನಾಥರು ಅವರ ಕೃತಿಗಳನ್ನು ಕನ್ನಡಕ್ಕೆ ತಂದು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಓದುವ ರೂಢಿ ಬೆಳೆಸಿದರು. ಅವರ ಋಣ ದೊಡ್ಡದು. ಆಪ್ಟೆಯವರ 'ಗಡ ಆಲಾ ಪಣ ಸಿಂಹ ಗೇಲಾ' ಕಾದಂಬರಿಯಲ್ಲಿ ಕಮಲಕುಮಾರಿ ಎಂಬ ರಜಪೂತ ಹೆಣ್ಣುಮಗಳಿದ್ದಾಳೆ. ಉದಯಭಾನು ಅವಳನ್ನು ಹೊತ್ತು ತಂದು ಕೊಂಡಾಣದ ಗಡದಲ್ಲಿ ಇಡುತ್ತಾನೆ. ತಾನಾಜಿ ಗಡ ಏರುತ್ತಾನೆ, ಪ್ರಾಣ ಕೊಡುತ್ತಾನೆ, ಗಡ ಕೈಸೇರುತ್ತದೆ. ಓದುವಾಗ ಮೈ ನವಿರೇಳುತ್ತದೆ. ಆದರೆ ಕತೆಯ ಬಹುಪಾಲು ಆ ಹೆಣ್ಣು ಕಾಯುತ್ತಾಳೆ. ಬಿಡಿಸುವವನು ಬರಬೇಕು. ನಮ್ಮ ಬಹಳಷ್ಟು ಐತಿಹಾಸಿಕ ಕಾದಂಬರಿಗಳಲ್ಲಿ ಸೆರೆಯ ಹೆಣ್ಣಿನ ಕೆಲಸ ಇಷ್ಟೇ. ಅದೂ ರಾಜಮನೆತನದ ಹೆಣ್ಣಾದರೆ. ಅವಳ ಕಾಲು ತೊಳೆಯುವ ದಾಸಿಗೆ ಸೆರೆ ಎಂಬುದೇ ಇಲ್ಲ, ಅದು ಅವಳ ಬದುಕು ಎಂದೇ ಲೆಕ್ಕ.

ಗಂಡು ಗುಲಾಮನಿಗೆ ಚರಿತ್ರೆಯಲ್ಲಿ ಮೇಲೇರುವ ಏಣಿ ಇತ್ತು. ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಕ್ಕೆ ಬಂದ ಮಲಿಕ್ ಅಂಬರ ಅಹಮದನಗರದ ರಾಜ್ಯವನ್ನೇ ನಡೆಸಿದ. ಮೊಗಲರನ್ನು ತಡೆದು ನಿಲ್ಲಿಸಿದ. 1626ರಲ್ಲಿ ಸಾಯುವಾಗ ಅವನು ಸ್ವತಂತ್ರ, ಗೌರವಾನ್ವಿತ. ಕತ್ತಿ ಹಿಡಿದ ಕೈಗೆ ಆ ದಾರಿ ತೆರೆದಿತ್ತು. ಬೀಸುವ ಕಲ್ಲು ಹಿಡಿದ, ಹಣ ಕಾಣದ ಕೈಗೆ ಮುಪ್ಪಿಗೆ ಮೊದಲು ತೆರೆದದ್ದು ಬದಲಿಯ ಬಾಗಿಲು ಒಂದೇ.

ಇಲ್ಲ, ಇನ್ನೂ ಒಂದು ದಾರಿ ಇತ್ತು, ಓಡಿಹೋಗುವುದು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡಿಗೆ ಬಂದರು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಡೆಯ ಸಿದ್ದಿ ಸಮುದಾಯ ಅಂಥವರ ಸಂತಾನ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿ ಹೆಂಗಸರು ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಕವದಿಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಹೊಳೆ ದಾಟಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾಡು ಹೊಕ್ಕ ಆ ಮೊದಲ ಹೆಣ್ಣು ಯಾರೋ? ಅವಳು ತನ್ನ ಜಾಗದಲ್ಲಿ ಯಾರನ್ನೂ ನಿಲ್ಲಿಸಿ ಬರಲಿಲ್ಲ. ಜಾಗವನ್ನೇ ಖಾಲಿ ಮಾಡಿ ಬಂದಳು.

ಓಡಿಹೋದ ಹೆಣ್ಣಿನ ಕತೆಯನ್ನು ಕನ್ನಡದಲ್ಲಿ ಮನಸಾರೆ ಬರೆದವರು ಕುವೆಂಪು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಚಿತ್ರ. ಅಲ್ಲಿ ತಿಮ್ಮಿ ಎಂಬ ಹುಡುಗಿ ಇದ್ದಾಳೆ. ಬೆಟ್ಟಳ್ಳಿಯ ಗೌಡರ ಹೊಲಗೇರಿಯಲ್ಲಿ ಹುಟ್ಟಿದವಳು, ಗೌಡರ ಜೀತಕ್ಕೇ ಬೆಳೆದವಳು. ಯಾರನ್ನು ಮದುವೆಯಾಗಬೇಕು ಎಂಬುದನ್ನೂ ಒಡೆಯರೇ ನಿಶ್ಚಯಿಸುವ ಬಾಳು. ಅವಳು ಸಿಂಬಾವಿಯ ಗುತ್ತಿಯ ಜತೆ ರಾತ್ರಿ ಕಾಡಿನ ದಾರಿ ಹಿಡಿಯುತ್ತಾಳೆ. ಅವನ ನಾಯಿ ಹುಲಿಯನೂ ಜತೆಗಿದೆ. ಆ ಕತ್ತಲು, ಆ ಭಯ, ಆ ಹರೆಯದ ಸಂತೋಷ ಎಲ್ಲವನ್ನೂ ಕುವೆಂಪು ಒಡೆಯರ ಮನೆಯ ಮದುಮಗಳಿಗೆ ಕೊಟ್ಟಷ್ಟೇ ಜಾಗ ಕೊಟ್ಟು, ಅಷ್ಟೇ ಗೌರವ ಕೊಟ್ಟು ಬರೆದರು. ಜೀತದ ಹೆಣ್ಣೂ ಕಾದಂಬರಿಗೆ ನಾಯಕಿಯಾಗಬಲ್ಲಳು ಎಂದು ತೋರಿಸಿಕೊಟ್ಟ ಪುಣ್ಯ ಅವರದು.

ಇನ್ನು ಗಡಹಿಂಗ್ಲಜದ ಮಣ್ಣಿನದೇ ಕತೆ. ಆ ಸೀಮೆಯವರೇ ಆದ ರಾಜನ್ ಗವಸ 1985ರಲ್ಲಿ 'ಚೌಂಡಕ' ಎಂಬ ಕಾದಂಬರಿ ಬರೆದರು. ನಮ್ಮ ಜೋಗತಿಯರು ಕಂಕುಳಲ್ಲಿ ಹಿಡಿದು ನುಡಿಸುವ ಚೌಡಕಿಯೇ ಅವರ ಚೌಂಡಕ. ಯಲ್ಲಮ್ಮನ ಹೆಸರಿನಲ್ಲಿ ಬಿಟ್ಟ ಹೆಣ್ಣುಮಗಳ ಸಂಕಟ ಅದರ ವಸ್ತು. ಆಮೇಲೆ 'ಭಂಡಾರಭೋಗ' ಬಂತು. ಈ ಕೃತಿಗಳ ಆಧಾರದ ಮೇಲೆ 2009ರಲ್ಲಿ ಬಂದ 'ಜೋಗವಾ' ಎಂಬ ಮರಾಠಿ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿ ಸುಲಿ ಎಂಬ ಹುಡುಗಿಯ ತಲೆಯಲ್ಲಿ ಜಡೆಗಟ್ಟಿದ್ದೇ ದೇವಿಯ ಕರೆ ಎಂದು ಊರು ತೀರ್ಮಾನಿಸುತ್ತದೆ. ಅವಳ ಬಾಳು ಅಲ್ಲಿಗೆ ಅವಳದಲ್ಲ.

ಪೇಶವೆಯ ಕುಣಬೀಣಳಿಂದ ಯಲ್ಲಮ್ಮನ ಜೋಗತಿಯ ತನಕ ನಾನು ಯಾಕೆ ಬಂದೆ ಎಂದು ನೀವು ಕೇಳಬಹುದು. ದೇವಿಯ ಮೇಲಿನ ಭಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ತಾಯಿಯೂ ಸವದತ್ತಿಯ ಗುಡ್ಡಕ್ಕೆ ನಡೆದು ಹೋಗಿ ಬಂದವಳು, ಉಧೋ ಉಧೋ ಎಂಬ ಕೂಗು ನನ್ನ ಕಿವಿಯಲ್ಲಿ ಬಾಲ್ಯದಿಂದ ಇದೆ. ನಾನು ಹೇಳುತ್ತಿರುವುದು ಹೆಣ್ಣುಮಗುವಿಗೆ ಮುತ್ತು ಕಟ್ಟಿ, ದೇವಿಗೆ ಬಿಟ್ಟು, ದೇವದಾಸಿ ಮಾಡುವ ಪದ್ಧತಿಯ ಮಾತು. ಅಲ್ಲಿಯೂ ಅದೇ ಬದಲಿ ಇದೆ. ಗಂಡುಮಗ ಇಲ್ಲದ ಮನೆಯಲ್ಲಿ ಮಗನ ಬದಲಿಗೆ ದುಡಿದು ಹಾಕಲು ಒಬ್ಬಳಿಗೆ ಮುತ್ತು ಕಟ್ಟಿದರು. ಆ ಜೋಗತಿಗೆ ವಯಸ್ಸಾದ ಮೇಲೆ, ದೇವಿಯ ಸೇವೆ ಮನೆಯಲ್ಲಿ ನಿಲ್ಲಬಾರದು ಎಂದು ಅವಳ ಮಗಳಿಗೋ, ತಂಗಿಯ ಮಗಳಿಗೋ ಕಟ್ಟಿದರು. "ನಾ ಮುದುಕಿ ಆದ್ನಿ, ಇನ್ನ ನೀ ಹಿಡಿ" ಎಂದು ದೇವಿಯ ಬುಟ್ಟಿ ಪಡ್ಲಗಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಕಾರಕೂನನ ಕಾಗದ ಇಲ್ಲಿ ಇರಲಿಲ್ಲ. ಅವನ ಜಾಗದಲ್ಲಿ ದೇವಿಯ ಕಾಟದ ಭಯ ಇತ್ತು. ತೊತ್ತಿನ ಮಗ ಎಂದವರೇ ಇವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳನ್ನು ಜೋಗತಿಯ ಮಗ ಎಂದು ಕರೆದರು. ಸಾಲೆಯಲ್ಲಿ ತಂದೆಯ ಹೆಸರು ಏನು ಎಂದು ಕೇಳಿದಾಗ ಆ ಮಕ್ಕಳು ತಲೆ ತಗ್ಗಿಸಿದರು.

ಕಾನೂನುಗಳು ಬಂದವು. ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದು ಕಂಪನಿ ಸರಕಾರ 1843ರಲ್ಲಿ ಕಾಯ್ದೆ ಮಾಡಿತು. ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಪರಾಧ ಎಂದು 1860ರ ದಂಡ ಸಂಹಿತೆ ಹೇಳಿತು. ಕೊಲ್ಲಾಪುರ ಸಂಸ್ಥಾನದಲ್ಲಿ ರಾಜರ್ಷಿ ಶಾಹೂ ಮಹಾರಾಜರು ವೇಠಬಿಗಾರಿಯನ್ನು, ಅಂದರೆ ಬಿಟ್ಟಿ ದುಡಿಮೆಯನ್ನು, ರದ್ದು ಮಾಡಿದರು. 1920ರಲ್ಲಿ ಜೋಗತಿ, ಮುರಳಿಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯ ವಿರುದ್ಧವೂ ಕಾನೂನು ತಂದರು. ಮುಂಬಯಿ ಪ್ರಾಂತದ ಕಾನೂನು 1934ರಲ್ಲಿ, ಕರ್ನಾಟಕದ್ದು 1982ರಲ್ಲಿ, ಮಹಾರಾಷ್ಟ್ರದ್ದು 2005ರಲ್ಲಿ ಬಂತು. ಆದರೂ ಕರ್ನಾಟಕ ಸರಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿದಾಗ ಎರಡೂ ಸೇರಿ 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಕಾನೂನು ಬೇಕೇ ಬೇಕು. ಆದರೆ ಕತ್ತಲಲ್ಲಿ, ಮನೆಯ ಒಳಗೆ, ತಾಯಿಯ ಕೈಯಿಂದಲೇ ಮಗಳ ಕೊರಳಿಗೆ ಬೀಳುವ ಮುತ್ತನ್ನು ಬರೀ ಕಾನೂನು ಬಿಚ್ಚಲಾರದು.

ಅದನ್ನು ಬಿಚ್ಚಿದ್ದು ಆ ಹೆಣ್ಣುಮಕ್ಕಳೇ. ಆ ಕೆಲಸದ ಮೊದಲ ಹೆಜ್ಜೆಗಳಲ್ಲಿ ಒಂದನ್ನು ಇಟ್ಟದ್ದು ಇದೇ ಗಡಹಿಂಗ್ಲಜ. 1975ರಲ್ಲಿ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನದ ವತಿಯಿಂದ ಅಲ್ಲಿ ದೇವದಾಸಿಯರ ಪರಿಷತ್ತು ನಡೆಯಿತು. ಪುಣೆಯ ಹಮಾಲರ ನಾಯಕ ಬಾಬಾ ಆಢಾವ, ಗಡಹಿಂಗ್ಲಜದ ಪ್ರಾಧ್ಯಾಪಕ ವಿಠ್ಠಲ ಬನ್ನೆ ಅಂಥವರು ಅದಕ್ಕೆ ಬೆನ್ನೆಲುಬಾದರು. ಊರಿನ ಕಣ್ಣಿಗೆ ಜಾತ್ರೆಯಲ್ಲಿ ಮಾತ್ರ ಕಾಣುತ್ತಿದ್ದ ಹೆಂಗಸರು ಮೊದಲ ಸಲ ಒಂದು ಸಭೆಯಲ್ಲಿ ಕೂತರು. ದ್ರೌಪದಿ ಒಬ್ಬಳೇ ನಿಂತು ಕೇಳಿದ ಪ್ರಶ್ನೆಯನ್ನು ಇವರು ನೂರಾರು ಮಂದಿ ಒಟ್ಟಿಗೆ ಕೇಳಿದರು. ನಮ್ಮನ್ನು ಬಿಟ್ಟವರು ಯಾರು, ಯಾವ ಹಕ್ಕಿನಿಂದ?

ಹಿರಣ್ಯಕೇಶಿಯ ನೀರು ಹೋಗಿ ಸೇರುವ ಘಟಪ್ರಭೆಯ ದಂಡೆಯ ಮೇಲೆ ಮುಂದಿನ ಅಧ್ಯಾಯ ನಡೆಯಿತು. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ ಏಳು ವರ್ಷದಲ್ಲಿ ಮುತ್ತು ಕಟ್ಟಿದರು. ಆ ವಯಸ್ಸಿನ ಮಗುವಿಗೆ ಅದರ ಅರ್ಥ ತಿಳಿಯುವುದು ಸಾಧ್ಯವೆ? ತಿಳಿದ ಮೇಲೆ ಅವರು ಸುಮ್ಮನಿರಲಿಲ್ಲ. 1997ರಲ್ಲಿ ಘಟಪ್ರಭಾದಲ್ಲಿ ದೇವದಾಸಿಯರೇ ಕೂಡಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ದುಡಿದರು, ಅದರ ಮುಂದಾಳಾದರು. ಊರೂರು ತಿರುಗಿ, ತಮ್ಮಂಥವರೇ ಆದ ತಾಯಂದಿರ ಮುಂದೆ ಕೂತು, ನಿಮ್ಮ ಮಗಳಿಗೆ ಕಟ್ಟಬೇಡಿ ಎಂದು ಹೇಳಿದರು. 2018ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಇಲ್ಲಿ ನಡೆದದ್ದು ಏನು ಎಂಬುದನ್ನು ದಯವಿಟ್ಟು ಗಮನಿಸಿ. ಈ ಹೆಂಗಸರು ಮೊದಲು ತಮ್ಮ ಬಿಡುಗಡೆಯ ದಾರಿ ಹುಡುಕಿಕೊಂಡು ಆಮೇಲೆ ಇನ್ನೊಬ್ಬರ ಬಗ್ಗೆ ಯೋಚಿಸಲಿಲ್ಲ. ಕಳೆದುಹೋದ ತಮ್ಮ ಬಾಲ್ಯ ಯಾವ ಕಾನೂನಿನಿಂದಲೂ ತಿರುಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ಜಾಗಕ್ಕೆ ನನ್ನ ಮಗಳು ಬರುವುದಿಲ್ಲ, ಯಾರ ಮಗಳೂ ಬರುವುದಿಲ್ಲ ಎಂದರು. ನೂರಾರು ವರ್ಷ ನಡೆದ ಬದಲಿಯ ಲೆಕ್ಕವನ್ನು ಅವರು ತಮ್ಮ ಮಟ್ಟಿಗೆ ಅಲ್ಲಿಗೆ ಮುಗಿಸಿದರು. ನನ್ನ ದೃಷ್ಟಿಯಲ್ಲಿ ಬಿಡುಗಡೆ ಎಂಬ ಮಾತಿಗೆ ಪೂರ್ತಿ ಅರ್ಥ ಬಂದದ್ದು ಆವಾಗ.

ಈಗ ನಮ್ಮ ಬರಹಗಾರರಿಗೆ, ಅದರಲ್ಲೂ ಈ ಗಡಿಸೀಮೆಯ ಎಳೆಯ ಬರಹಗಾರರಿಗೆ ನನ್ನದೊಂದು ಕೋರಿಕೆ. ಕುಣಬೀಣಳ ಕತೆಯನ್ನು ಬರೆಯಿರಿ. 1791-92ರಲ್ಲಿ ದಖ್ಖನದಲ್ಲಿ ದೊಡ್ಡ ಬರ ಬಿತ್ತು. ಸತ್ತವರನ್ನು ಸುಡುವವರೂ ಹೂಳುವವರೂ ಇಲ್ಲದೆ ಬಯಲಲ್ಲಿ ತಲೆಬುರುಡೆ ಉಳಿದವು ಎಂದು ಅದಕ್ಕೆ ಬುರುಡೆಯ ಬರ ಎಂದೇ ಹೆಸರಾಯಿತು. ಆ ಬರದಲ್ಲಿ ಒಂದು ಚೀಲ ಜೋಳಕ್ಕೆ ಮಾರಾಟವಾಗಿ ಒಂದು ಗಡ ಸೇರಿದ ಒಂಬತ್ತು ವರ್ಷದ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಆಡಿದ ಕನ್ನಡ ಗಡದ ಮೇಲೆ ಯಾರಿಗೂ ಬೇಡ. ಅದು ಅವಳಿಗೆ ಉಳಿಯುವುದು ಬೀಸುವ ಹಾಡಿನಲ್ಲಿ ಮಾತ್ರ. ಹತ್ತು ವರ್ಷ ಕಳೆಯುತ್ತದೆ. ಬದಲಿ ತಂದರೆ ಬಿಡುತ್ತೇವೆ ಎಂಬ ಮಾತು ಬರುತ್ತದೆ. ಗಡದ ಕೆಳಗಿನ ಹಳ್ಳಿಯಲ್ಲಿ ತಬ್ಬಲಿ ಹುಡುಗಿಯೊಬ್ಬಳು ಸಿಗುತ್ತಾಳೆ. ಕೈ ಹಿಡಿದುಕೊಂಡು ಗಡದ ದಾರಿ ಏರುತ್ತಾರೆ. ಆ ಪುಟ್ಟ ಕೈ ಬೆಚ್ಚಗಿದೆ. ಅಕ್ಕಾ, ಅಲ್ಲಿ ಊಟಾ ಸಿಗತದೇನ ಎಂದು ಹುಡುಗಿ ಕೇಳುತ್ತಾಳೆ.

ಅಲ್ಲಿ ಅವಳು ಏನು ಮಾಡುತ್ತಾಳೆ? ಬಾಗಿಲ ತನಕ ಹೋಗಿ ಹಿಂದಿರುಗುತ್ತಾಳೋ? ಹುಡುಗಿಯನ್ನು ಒಪ್ಪಿಸಿ ಜನ್ಮವೆಲ್ಲ ಬೇಯುತ್ತಾಳೋ? ಅಥವಾ ಇಬ್ಬರೂ ದಾರಿ ಬಿಟ್ಟು ಕಾಡು ಹೊಕ್ಕು ಹೊಳೆಯ ಹರಿವು ಹಿಡಿದು ಮೂಡಣಕ್ಕೆ ನಡೆಯುತ್ತಾರೋ? ಮೂರನ್ನೂ ಬರೆಯಬಹುದು, ಮೂರೂ ನಿಜವೇ. ಬದಲಿ ಕೊಟ್ಟು ಹೋದವಳನ್ನು ದಯವಿಟ್ಟು ಕೆಟ್ಟವಳೆಂದು ಬರೆಯಬೇಡಿ. ಆ ಲೆಕ್ಕ ಹಾಕಿದವನು ಒಡೆಯ, ಅವಳಲ್ಲ. ಆದರೆ ಅವಳ ಮನಸ್ಸಿನ ಆ ಒಂದು ಗಳಿಗೆಯನ್ನು ಬಿಟ್ಟು ಹೋಗಬೇಡಿ. ಯುದ್ಧದ ವರ್ಣನೆಗೆ ಐವತ್ತು ಪುಟ ಕೊಡುವ ನಾವು ಆ ಗಳಿಗೆಗೆ ಐದು ಪುಟ ಕೊಡೋಣ. ಬಿಡಿಸುವ ವೀರ ಕುದುರೆ ಏರಿ ಬರುವುದು ಬೇಡ. ಪ್ರಶ್ನೆ ಅವಳದಾಗಲಿ, ತೀರ್ಮಾನವೂ ಅವಳದಾಗಲಿ. ಎಲ್ಲಕ್ಕಿಂತ ಮೊದಲು ಅವಳಿಗೊಂದು ಹೆಸರು ಕೊಡಿ. ವಿದುರನ ತಾಯಿಗೆ ಸಿಗದೆ ಹೋದದ್ದು ಇವಳಿಗಾದರೂ ಸಿಗಲಿ.

ಕೇಳುಗರಿಗೂ ಒಂದು ಮಾತು. ದೇವದಾಸಿ ತಾಯಿಯ ಮಕ್ಕಳು ತಂದೆಯ ಹೆಸರಿಲ್ಲದೆಯೂ ತಲೆ ಎತ್ತಿ ಬದುಕಬೇಕು ಎಂಬ ಬೇಡಿಕೆ ಬಹಳ ದಿನದ್ದು. ದ್ರೌಪದಿ ತನ್ನ ಮಗನಿಗಾಗಿ ಕೇಳಿದ ಮೊದಲ ವರ ಅದೇ ಅಲ್ಲವೆ? ನಿಮ್ಮ ಓಣಿಯಲ್ಲಿ, ನಿಮ್ಮ ಸಾಲೆಯಲ್ಲಿ ಅಂಥ ಮಗು ಇದ್ದರೆ ಅದರ ತಾಯಿಯ ಹೆಸರನ್ನು ಗೌರವದಿಂದ ಬರೆದುಕೊಳ್ಳಿ. ತೊತ್ತು ಎಂಬ ಬೈಗುಳು ಬಾಯಿಗೆ ಬಂದರೆ ನುಂಗಿಕೊಳ್ಳಿ. ಹೆಣ್ಣುಮಗುವಿನ ತಲೆಯಲ್ಲಿ ಜಡೆಗಟ್ಟಿದರೆ ಅದು ದೇವಿಯ ಕರೆಯಲ್ಲ, ಎಣ್ಣೆ ಬಾಚಣಿಗೆ ಕಾಣದ ಕೂದಲು. ಬಿಡಿಸಿ, ಬಿಡಿಸಲಾಗದಿದ್ದರೆ ಕತ್ತರಿಸಿ, ತಲೆ ಎರೆದು ಸಾಲೆಗೆ ಕಳಿಸಿ. ಎಲ್ಲಾದರೂ ಹುಡುಗಿಗೆ ಮುತ್ತು ಕಟ್ಟುತ್ತಾರೆ ಎಂಬ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಹಗಲಾಗಲಿ, ರಾತ್ರಿಯಾಗಲಿ, ಆ ಕರೆಗೆ ದುಡ್ಡು ಬೀಳುವುದಿಲ್ಲ.